ಡೆ ಆಕ್ಕರ್ಸ್ ಮೆಟ್ರೊ ಹತ್ತಿರ ಮನೆ ಮಾಡಬಹುದಾ? (ಹೌದು, ಆ ತಿಮಿಂಗಿಲದ ಬಾಲದ ಸ್ಟೇಷನ್ನೇ)

ಹೊಸ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳಿಂದ ರಾಟರ್‌ಡ್ಯಾಮ್‌ನಲ್ಲಿ ಕೆಲಸ. ಆಫೀಸು ಬ್ಯೊರ್ಸ್ ಸ್ಟೇಷನ್ ಪಕ್ಕದಲ್ಲೇ. ಊರೊಳಗೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಹುಡುಕಿ ಹುಡುಕಿ ಸ್ಪೈಕೆನಿಸ್ಸೆಯಲ್ಲಿ ಒಂದು ಮನೆ ಸಿಕ್ಕಿದೆ. ಡೆ ಆಕ್ಕರ್ಸ್ ಮೆಟ್ರೊ ಸ್ಟೇಷನ್ನಿಂದ ಏಳೆಂಟು ನಿಮಿಷದ ನಡಿಗೆ. ಮನೆ ಚೆನ್ನಾಗಿದೆ, ಅಡುಗೆಮನೆಗೆ ಕಿಟಕಿಯೂ ಇದೆ.

ತೊಂದರೆ ಏನೆಂದರೆ ಅಮ್ಮ. ಸ್ಟೇಷನ್ ಹೆಸರು ಹೇಳಿದ್ದೇ ತಪ್ಪಾಯಿತು. ತಂಗಿ ತಕ್ಷಣ ಹುಡುಕಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕಿದಳು. ಮೇಲಿಂದ ಬಂದ ರೈಲು ಹಳಿ ಮುಗಿದರೂ ನಿಲ್ಲದೆ, ಒಂದು ದೊಡ್ಡ ಮೀನಿನ ಬಾಲದ ಮೇಲೆ ಕೂತಿದೆ. ಕೆಳಗೆ ನೀರು. "ರೈಲು ನೇತಾಡುವ ಊರಲ್ಲಿ ಮನೆ ಬೇಡ" ಅಂತ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಅಲ್ಲಿದ್ದವರು ಯಾರಾದರೂ ಇದ್ದೀರಾ? ನಿಜಕ್ಕೂ ಏನಾಯಿತು? ದಿನಾ ಓಡಾಡಲು ಆ ಲೈನು ಹೇಗೆ?

ಮಾಸ್ ದಂಡೆ

ಇದ್ದೀನಿ. ಹೀಮ್‌ರಾಡ್‌ಲಾನ್ ಸ್ಟೇಷನ್ ಹತ್ತಿರ ಮನೆ, ಅಂದರೆ ನಿಮ್ಮ ಸ್ಟೇಷನ್ನಿಗಿಂತ ಒಂದು ಮೊದಲು. ಹತ್ತು ವರ್ಷದ ಮೇಲಾಯಿತು.

ಅದು 2020ರ ನವೆಂಬರ್ 2, ಸೋಮವಾರ. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಆದದ್ದು. ಡೆ ಆಕ್ಕರ್ಸ್ ಕೊನೆಯ ಸ್ಟೇಷನ್ ಅಲ್ವಾ, ಪ್ರಯಾಣಿಕರು ಯಾರೂ ಒಳಗಿರಲಿಲ್ಲ. ಚಾಲಕರು ಒಬ್ಬರೇ. ರೈಲು ಹಳಿ ಕೊನೆಯಲ್ಲಿ ತಡೆಯಲು ಇಟ್ಟ ಬಫರನ್ನು ಮುರಿದುಕೊಂಡು ಮುಂದೆ ಹೋಗಿ, ಅಲ್ಲಿದ್ದ ತಿಮಿಂಗಿಲದ ಬಾಲದ ಮೇಲೆ ನಿಂತಿತು. ನೆಲದಿಂದ ಸುಮಾರು 10 ಮೀಟರ್ ಎತ್ತರ. ಚಾಲಕರು ತಾವೇ ಹೊರಗೆ ಬಂದರು. ಏಟು ಬಿದ್ದಿರಲಿಲ್ಲ.

ನಮಗೆ ರಾತ್ರಿ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಧಾರವಾಡದಿಂದ ಅಕ್ಕ ಕಳಿಸಿದ ಫೋಟೊ! ಪಕ್ಕದ ಬೀದಿಯ ಸುದ್ದಿ ನನಗೆ ಧಾರವಾಡದಿಂದ ಬರಬೇಕಾ? ಸೈಕಲ್ ತೆಗೆದುಕೊಂಡು ಹೊರಟೆ. ಕರೋನಾ ಕಾಲ, ಬರಬೇಡಿ ಅಂತ ಹೇಳುತ್ತಲೇ ಇದ್ದರು. ಆದರೂ ಜನ ಸೇರಿದ್ದರು. ನಾನೂ ಹೋದೆ, ಸುಳ್ಳು ಯಾಕೆ ಹೇಳಲಿ.

ಫೋಟೊದಲ್ಲಿ ಕಾಣದ್ದು ಒಂದಿತ್ತು: ಗಾಳಿ. ಆ ದಿನ ಜೋರು ಗಾಳಿ. ನನ್ನ ಸೈಕಲ್ ಸ್ಟ್ಯಾಂಡ್ ಮೇಲೆ ನಿಲ್ಲದೆ ಎರಡು ಸಲ ಬಿತ್ತು. ಮೇಲೆ ಆ ಬೋಗಿ, ಅಜ್ಜನ ಕನ್ನಡಕ ಮೂಗಿನ ತುದಿಗೆ ಜಾರಿ ನಿಂತ ಹಾಗೆ. ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಎಲ್ಲರೂ ಕತ್ತೆತ್ತಿ ನಿಂತಿದ್ದೆವು. ಬೀಳಲಿಲ್ಲ. ಮರುದಿನ ಕ್ರೇನ್ ತಂದು ಪಟ್ಟಿ ಕಟ್ಟಿ ಎತ್ತಿದರು.

ಬಿಸಿಬೇಳೆ

ತಿಮಿಂಗಿಲ ಮನುಷ್ಯನನ್ನು ನುಂಗಿದ ಕಥೆ ಕೇಳಿದ್ದೆ. ರೈಲನ್ನು ಹಿಡಿದದ್ದು ಇದೇ ಮೊದಲು.

ಹಳಿಹುಚ್ಚ

ತಮಾಷೆ ಇರಲಿ. ಹೊಸ ಬಾಡಿಗೆದಾರರೆ, ಅಮ್ಮನಿಗೆ ಹೇಳಲು ಅನುಕೂಲ ಆಗಲಿ ಅಂತ ಸ್ವಲ್ಪ ವಿವರ.

ಮೊದಲನೆಯದು, ರೈಲು ನಿಲ್ಲುವ ಪ್ಲಾಟ್‌ಫಾರ್ಮೇ ಹಳಿಯ ಕೊನೆ ಅಲ್ಲ. ಕೊನೆಯ ಸ್ಟೇಷನ್ ದಾಟಿ ಇನ್ನೂ ಸ್ವಲ್ಪ ದೂರ ಹಳಿ ಇರುತ್ತದೆ. ಜನ ಇಳಿದ ಮೇಲೆ ಖಾಲಿ ರೈಲು ಅಲ್ಲಿಗೆ ಹೋಗಿ ನಿಲ್ಲುತ್ತೆ, ಇಲ್ಲವೇ ದಿಕ್ಕು ಬದಲಿಸಿ ವಾಪಸ್ ಬರುತ್ತೆ. ಬಾಲಗಳು ಇರುವುದು ಆ ತುದಿಯಲ್ಲಿ. ಅಂದರೆ ನೀವು ಪ್ರಯಾಣಿಕರಾಗಿ ಆ ಜಾಗದ ತನಕ ಹೋಗುವುದೇ ಇಲ್ಲ. ಈ ಒಂದು ಮಾತನ್ನು ಅಮ್ಮನಿಗೆ ಮೊದಲು ಹೇಳಿ, ಉಳಿದದ್ದು ಆಮೇಲೆ.

ಎರಡನೆಯದು, ಅದು ಮೀನೂ ಅಲ್ಲ, ರೈಲು ಹಿಡಿಯಲು ಇಟ್ಟಿದ್ದೂ ಅಲ್ಲ. ಮಾರ್ಟೆನ್ ಸ್ಟ್ರಾಯ್ಸ್ ಅನ್ನುವ ವಾಸ್ತುಶಿಲ್ಪಿ ಮಾಡಿದ ಕಲಾಕೃತಿ. 2002ರಲ್ಲಿ ನಿಲ್ಲಿಸಿದ್ದು. ಹೆಸರು ಡಚ್‌ನಲ್ಲಿ ವಾಲ್ವಿಸ್‌ಸ್ಟಾರ್ಟೆನ್, ತಿಮಿಂಗಿಲದ ಬಾಲಗಳು ಅಂತ. ನೀರಿನಿಂದ ಎದ್ದು ನಿಂತ ಎರಡು ಬಾಲ. ಹಳಿ ಮುಗಿಯುವ ಕಡೆ ಸುಮ್ನೆ ಖಾಲಿ ಆಕಾಶ ಕಾಣುವ ಬದಲು ಏನಾದರೂ ಇರಲಿ ಅಂತ ಇಟ್ಟ ಹಾಗಿದೆ. ಒಳಗೆ ಉಕ್ಕಿನ ಗೋಡೆ ಗೀಡೆ ಅಂದುಕೊಳ್ಳಬೇಡಿ. ಬಲಪಡಿಸಿದ ಪಾಲಿಯೆಸ್ಟರ್. ಇಷ್ಟು ವರ್ಷ ಮಳೆ ಗಾಳಿಗೆ ನಿಂತ ಪ್ಲಾಸ್ಟಿಕ್ ಮೆಟ್ರೊ ಬೋಗಿಯನ್ನು ತಡೆದೀತು ಅಂತ ಮಾಡಿದವರಿಗೇ ನಂಬಿಕೆ ಇರಲಿಲ್ಲ. ಅವರು ಆಶ್ಚರ್ಯಪಟ್ಟದ್ದು ಆಗ ಸುದ್ದಿಯಲ್ಲೂ ಬಂತು.

ಗಂಗಮ್ಮನ ಮೊಮ್ಮಗ

ದೇವರು ಇದ್ದಾನೆ ಅನ್ನೋಕೆ ಇನ್ನೇನು ಬೇಕು.

ಸಿಮೆಂಟು ಮೇಸ್ತ್ರಿ

ದೇವರ ವಿಚಾರ ನನಗೆ ಬೇಡ, ಭಾರದ ವಿಚಾರ ಹೇಳ್ತೀನಿ. ನಾನು ಬೆಂಗಳೂರಲ್ಲಿ ಮೇಲ್ಸೇತುವೆ ಕೆಲಸ ಮಾಡಿದವನು, ಈಗ ಡೆಲ್ಫ್ಟ್ ಹತ್ತಿರ ಇದ್ದೀನಿ.

"ಪ್ಲಾಸ್ಟಿಕ್ ಬಾಲ ಇಡೀ ರೈಲನ್ನು ಹೊತ್ತಿತು" ಅಂತ ಎಲ್ಲರೂ ಬರೆದರು. ಹಾಗಲ್ಲ. ಫೋಟೊ ಇನ್ನೊಂದು ಸಲ ನೋಡಿ. ಹಿಂದಿನ ಭಾಗ ಸೇತುವೆ ಮೇಲೇ ಇದೆ. ಮುಂದಿನ ಬೋಗಿ ಮಾತ್ರ ಆಚೆಗೆ ಚಾಚಿದೆ, ಅದೂ ಹಿಂದಿನದಕ್ಕೆ ಅಂಟಿಕೊಂಡಿದೆ. ಏಣಿಯ ಒಂದು ತುದಿ ನೀವು ಹಿಡಿದು ಇನ್ನೊಂದು ತುದಿ ಗೋಡೆಗೆ ಒರಗಿಸಿದರೆ ಗೋಡೆ ಇಡೀ ಏಣಿ ಹೊರುತ್ತದಾ? ಇಲ್ಲ ಅಲ್ವಾ. ಬಾಲದ ಪಾಲಿಗೆ ಬಂದದ್ದು ಮುಂದಿನ ತುದಿಯ ಒಂದು ಪಾಲು. ಅದೂ ಟನ್‌ಗಟ್ಟಲೆಯೇ ಇರುತ್ತೆ, ಕಡಿಮೆ ಅಂತ ಹೇಳ್ತಿಲ್ಲ.

ಇನ್ನೊಂದು, ಇದು ನನ್ನ ಊಹೆ. ರೈಲಿನ ಜೋರು ಮೊದಲು ಬಫರಿಗೆ ಹೋಗಿದೆ. ಬಫರ್ ಮುರಿಯಿತು ನಿಜ, ಆದರೆ ಮುರಿಯುವಾಗಲೇ ಒಂದಷ್ಟು ವೇಗ ತಿಂದಿರುತ್ತೆ. ಬಾಲಕ್ಕೆ ಸಿಕ್ಕಿದ್ದು ಉಳಿದ ವೇಗ. ಅದು ಕಲ್ಲಿನದ್ದಾಗಿದ್ದರೆ ಪಟ್ ಅಂತ ತುಂಡಾಗುತ್ತಿತ್ತೋ ಏನೋ. ಇದು ಸ್ವಲ್ಪ ಬಾಗುವ ಸಾಮಾನು. ಬಾಗಿ ಹಿಡಿದಿದೆ.

ಗಂಗಮ್ಮನ ಮೊಮ್ಮಗ

ಸರಿ ಮೇಸ್ತ್ರಿಗಳೇ. ಆದರೆ ಬಾಲ ಎರಡು ಮೀಟರ್ ಆಚೆ ಇಟ್ಟಿದ್ದರೆ?

ಸಿಮೆಂಟು ಮೇಸ್ತ್ರಿ

ಆಗ ನೀವು ಹೇಳಿದ್ದೇ ಸರಿ.

ಕುಡ್ಲದ ಕಡಲು

ಮಾರಾಯ್ರೆ, ಸ್ಟ್ರಾಯ್ಸ್ ಹೆಸರು ನೋಡಿ ಬರೆಯಲೇಬೇಕು ಅನಿಸಿತು. ನಾನು ಬಂದರಿನ ಕೆಲಸದಲ್ಲಿದ್ದವ. ಅದೇ ಮನುಷ್ಯ ಮಾಡಿದ್ದು ಇನ್ನೊಂದುಂಟು ಅಲ್ಲೇ ಹತ್ತಿರ, ರೋಜೆನ್‌ಬುರ್ಗ್‌ನಲ್ಲಿ. ಫ್ರಾನ್ಸ್ ಡೆ ವಿಟ್ ಅನ್ನುವ ಕಲಾವಿದರ ಜೊತೆ ಸೇರಿ ಮಾಡಿದ ಗಾಳಿ ಗೋಡೆ. ಕಾಲಂಡ್ ಕಾಲುವೆ ಅಂತ, ದೊಡ್ಡ ಹಡಗುಗಳು ಬರುವ ದಾರಿ. ಅಲ್ಲೊಂದು ಸೇತುವೆ. ಅದರ ಕಿಂಡಿಯಲ್ಲಿ ಹಡಗು ಹೋಗುವಾಗ ಪಕ್ಕದಿಂದ ಗಾಳಿ ಹೊಡೆದರೆ ಹಡಗು ವಾಲಿ ಸೇತುವೆಗೆ ತಾಗುವ ಹೆದರಿಕೆ. ಕಂಟೇನರ್ ಹಡಗು ಅಂದರೆ ಒಂದು ಬೀದಿಯಷ್ಟು ಉದ್ದದ ಗೋಡೆ, ಗಾಳಿಗೆ ಅದೇ ಹಾಯಿ. ಅದಕ್ಕೆ ಕಾಲುವೆ ಪಕ್ಕ 25 ಮೀಟರ್ ಎತ್ತರದ ಕಾಂಕ್ರೀಟು ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಉದ್ದಕ್ಕೆ. 1985ರ ಹೊತ್ತಿಗೆ ಮುಗಿದ ಕೆಲಸ.

ಮಜಾ ಎಂತ ಅಂದರೆ, ಹಲಗೆಗಳ ನಡುವೆ ಜಾಗ ಬಿಟ್ಟಿದ್ದಾರೆ. ಪೂರ್ತಿ ಮುಚ್ಚಿಲ್ಲ. ಪೂರ್ತಿ ಮುಚ್ಚಿದರೆ ಗಾಳಿ ಮೇಲಿಂದ ಹಾರಿ ಆಚೆ ಸುಳಿ ಎಬ್ಬಿಸುತ್ತದೆ. ಸ್ವಲ್ಪ ಬಿಟ್ಟರೆ ಜೋರು ಇಳಿಯುತ್ತದೆ. ನಮ್ಮಲ್ಲಿ ತೋಟಕ್ಕೆ ಗಾಳಿ ಮರದ ಸಾಲು ನೆಡುವುದಿಲ್ವಾ, ಅದೇ ಬುದ್ಧಿ.

ಗಾಳಿ ತಡೆಯಲಿಕ್ಕೆ ಅಂತ ಲೆಕ್ಕ ಹಾಕಿ ಗೋಡೆ ಕಟ್ಟಿದ ಮನುಷ್ಯ, ಸುಮ್ಮನೆ ಚಂದಕ್ಕೆ ಅಂತ ಮಾಡಿದ ಬಾಲ ರೈಲು ನಿಲ್ಲಿಸಿತು. ನಗು ಬರುತ್ತದೆ.

ಹೊಸ ಬಾಡಿಗೆದಾರ

ಅಬ್ಬಾ, ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ. ಅಮ್ಮನಿಗೆ ಹಳಿಹುಚ್ಚ ಅವರ ಮೊದಲ ಮಾತು ಓದಿ ಹೇಳಿದೆ. "ಖಾಲಿ ರೈಲು ಮಾತ್ರ ಹೋಗುವ ಜಾಗ" ಅಂದ ಮೇಲೆ ಸ್ವಲ್ಪ ತಣ್ಣಗಾದರು. ಈಗ ಇನ್ನೊಂದು ಪ್ರಶ್ನೆ: "ಊರು ಅಷ್ಟು ಚಿಕ್ಕದು, ಜಾಗ ಇದೆ, ರೈಲನ್ನು ಯಾಕೆ ಅಷ್ಟು ಮೇಲೆ ಓಡಿಸಬೇಕು? ನೆಲದ ಮೇಲೇ ಓಡಿಸಬಾರದಾ?"

ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ.

ಹಳಿಹುಚ್ಚ

ಅಮ್ಮ ಒಳ್ಳೇ ಪ್ರಶ್ನೆ ಕೇಳ್ತಾರೆ.

ರಾಟರ್‌ಡ್ಯಾಮ್ ಮೆಟ್ರೊ ಇಡೀ ನೆದರ್‌ಲ್ಯಾಂಡ್ಸ್‌ಗೇ ಮೊದಲ ಮೆಟ್ರೊ. 1968ರ ಫೆಬ್ರವರಿ 9ಕ್ಕೆ ಶುರು. ಆಗ ಆರು ಕಿಲೋಮೀಟರೂ ಪೂರ್ತಿ ಇರಲಿಲ್ಲ, ಸೆಂಟ್ರಲ್ ಸ್ಟೇಷನ್ನಿಂದ ದಕ್ಷಿಣದ ಜೌಟ್‌ಪ್ಲೈನ್ ತನಕ. ನಡುವೆ ಮಾಸ್ ನದಿ. ನದಿ ದಾಟಬೇಕಾದರೆ ಕೆಳಗೆ ಹೋಗಲೇಬೇಕು, ಯಾಕೆಂದರೆ ಮೇಲೆ ಹಡಗು. ಅಲ್ಲಿ ಅವರು ಸುರಂಗ ಕೊರೆಯಲಿಲ್ಲ. ಊರೊಳಗೆ ಅಗಲವಾದ ಕಂದಕ ತೋಡಿ ನೀರು ತುಂಬಿಸಿದರು. ಬೇರೆ ಕಡೆ ಎರಕ ಹೊಯ್ದ ಸುರಂಗದ ತುಂಡುಗಳನ್ನು ದೋಣಿಯ ಹಾಗೆ ತೇಲಿಸಿಕೊಂಡು ಬಂದು ಅದರೊಳಗೆ ಮುಳುಗಿಸಿದರು. ಅಗೆದರೆ ಹೇಗೂ ನೀರು ಬರುತ್ತೆ, ಆ ನೀರನ್ನೇ ದುಡಿಸಿಕೊಂಡರು.

ನದಿ ದಾಟಿದ ಮೇಲೆ ಅಷ್ಟು ಕಷ್ಟ ಯಾಕೆ ಅಂತ ರೈಲನ್ನು ಮೇಲೆ ಹತ್ತಿಸಿದರು. ರೈನ್‌ಹಾವೆನ್, ಮಾಸ್‌ಹಾವೆನ್, ಜೌಟ್‌ಪ್ಲೈನ್ ಮೂರೂ ಕಂಬದ ಮೇಲಿನ ಸ್ಟೇಷನ್‌ಗಳು. ಆಮೇಲೆ ಲೈನು ಬೆಳೆಯುತ್ತ ಹೋಯಿತು. 1974ಕ್ಕೆ ಹೋಖ್‌ಫ್ಲೀಟ್ ಕಡೆಯ ಜಾಲ್ಮ್‌ಪ್ಲಾಟ್, 1985ರ ಏಪ್ರಿಲ್‌ನಲ್ಲಿ ಸ್ಪೈಕೆನಿಸ್ಸೆ. ಹೋಖ್‌ಫ್ಲೀಟ್‌ಗೂ ಸ್ಪೈಕೆನಿಸ್ಸೆಗೂ ನಡುವೆ ಹಳೇ ಮಾಸ್ ನದಿ ಇದೆ, ಅಲ್ಲಿ ಮತ್ತೆ ನದಿಯ ಕೆಳಗೆ ಸುರಂಗ. ಕತ್ತಲಿನಿಂದ ಹೊರಗೆ ಬಂದು ರೈಲು ಹಾಗೇ ಏರುತ್ತ ಹೋಗುತ್ತೆ. ಊರಿನ ಮೂರೂ ಸ್ಟೇಷನ್ ಮೇಲೇ: ಸ್ಪೈಕೆನಿಸ್ಸೆ ಸೆಂಟ್ರುಮ್, ಹೀಮ್‌ರಾಡ್‌ಲಾನ್, ಡೆ ಆಕ್ಕರ್ಸ್.

ನೆಲದ ಮೇಲೆ ಯಾಕಲ್ಲ ಅಂದರೆ, ಮೂರನೇ ಹಳಿ. ಪಕ್ಕದ ಹಳಿಯಲ್ಲಿ 750 ವೋಲ್ಟ್ ಡಿಸಿ ಕರೆಂಟ್ ಹರಿಯುತ್ತೆ, ನಮ್ಮ ಮೆಟ್ರೊದ ಹಸಿರು, ನೇರಳೆ ಮಾರ್ಗದ ಹಾಗೇ. ಅಂಥದ್ದನ್ನು ಜನ, ಸೈಕಲ್, ನಾಯಿ ದಾಟುವ ರಸ್ತೆಗೆ ಅಡ್ಡ ಹಾಕೋಕಾಗಲ್ಲ. ಒಂದೋ ಕೆಳಗೆ, ಇಲ್ಲ ಮೇಲೆ, ಇಲ್ಲ ಬೇಲಿ. ರಾಟರ್‌ಡ್ಯಾಮ್‌ನಲ್ಲೇ ಬೇರೆ ಕೆಲವು ಲೈನಿನ ತುದಿಗಳಲ್ಲಿ ಮೂರನೇ ಹಳಿ ಬಿಟ್ಟು ಮೇಲಿನ ತಂತಿಗೆ ಬದಲಾಗುತ್ತೆ. ಅಲ್ಲಿ ರೈಲು ಟ್ರಾಮ್ ಥರ ರಸ್ತೆ ಗೇಟನ್ನೂ ದಾಟುತ್ತೆ.

ಸಿಮೆಂಟು ಮೇಸ್ತ್ರಿ

ಜೊತೆಗೆ ಮಣ್ಣು. ಇಲ್ಲಿ ಮೇಲೆ ಮೆತ್ತನೆ ಜೇಡಿ, ಜೌಗು. ಗಟ್ಟಿ ಮರಳು ಸಿಗೋದು ಆಳದಲ್ಲಿ. ಅಲ್ಲಿ ತನಕ ಉದ್ದ ಕಂಬ ಹೊಡೆದು ಅದರ ಮೇಲೆ ಎಲ್ಲಾ ಕಟ್ಟಬೇಕು, ಮನೆಗೂ ಅಷ್ಟೇ. ಬೆಂಗಳೂರಲ್ಲಿ ನಮಗೆ ಬಂಡೆ ಅಡ್ಡ ಬರುತ್ತಿತ್ತು, ಒಡೆದು ಒಡೆದು ಸಾಕಾಗುತ್ತಿತ್ತು. ಇಲ್ಲಿ ಬಂಡೆ ಸಿಕ್ಕರೆ ಹಬ್ಬ ಮಾಡ್ತಾರೆ.

ಟ್ರಾಮ್ ತಾಯಿ

ನಾನು ಆಮ್‌ಸ್ಟರ್‌ಡ್ಯಾಮ್‌ನವಳು, ಸ್ವಲ್ಪ ಅಡ್ಡ ಮಾತು. ನಮ್ಮ ಬೈಲ್ಮರ್ ಕಡೆಯೂ ಮೆಟ್ರೊ ಪೂರ್ತಿ ಮೇಲೆ. ಅಲ್ಲಿ ರಸ್ತೆಗಳನ್ನೂ ಎತ್ತರಿಸಿ ಕಟ್ಟಿದ್ದರು, ನೆಲ ನಡೆಯುವವರಿಗೆ ಮತ್ತು ಸೈಕಲ್ಲಿಗೆ ಅಂತ. ಕಾಗದದ ಮೇಲೆ ಚಂದ. ಆದರೆ ಕೆಳಗೆ ಕತ್ತಲು ಕತ್ತಲು, ಸಂಜೆ ಮೇಲೆ ಒಬ್ಬಳೇ ನಡೆಯೋಕೆ ಮನಸ್ಸು ಬರುತ್ತಿರಲಿಲ್ಲ. ಆಮೇಲೆ ಎಷ್ಟೋ ಕಡೆ ರಸ್ತೆ ಕೆಳಗಿಳಿಸಿದರು. ಕ್ರಾಯೆನ್ನೆಸ್ಟ್ ಅನ್ನುವ ಸ್ಟೇಷನ್ನನ್ನು ಹೊಸದಾಗಿ ಕಟ್ಟಿದಾಗ ಕೆಳಗಿನ ಗೋಡೆಗೆ ಹೂಬಳ್ಳಿ ಕೊರೆದ ಉಕ್ಕಿನ ತಗಡು ಹಾಕಿದರು. ರಾತ್ರಿ ಒಳಗಿನ ಬೆಳಕು ಆ ತೂತುಗಳಿಂದ ಹೊರಗೆ ಬರುತ್ತೆ, ಹಬ್ಬದ ದಿನ ಕಾಗದ ಕತ್ತರಿಸಿ ಮಾಡುವ ಗೂಡುದೀಪದ ಹಾಗೆ.

ಹೊಸ ಬಾಡಿಗೆದಾರರೆ, ಮನೆ ನೋಡುವಾಗ ಸ್ಟೇಷನ್ ಮೇಲೆ ಹೇಗಿದೆ ಅಂತಲ್ಲ, ಕೆಳಗೆ ಹೇಗಿದೆ ಅಂತ ನೋಡಿ. ರಾತ್ರಿ ಹತ್ತಕ್ಕೆ ಒಂದು ಸಲ ಹೋಗಿ ಬನ್ನಿ.

ಮಾಸ್ ದಂಡೆ

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ.

ಈಗ ದಿನನಿತ್ಯದ ವಿಚಾರ. ಡೆ ಆಕ್ಕರ್ಸ್‌ನಿಂದ ಎರಡು ಲೈನು ಹೊರಡುತ್ತೆ, ಸಿ ಮತ್ತು ಡಿ. ಟುಸ್ಸೆನ್‌ವಾಟರ್ ತನಕ ಒಟ್ಟಿಗೆ, ಆಮೇಲೆ ದಾರಿ ಬೇರೆ. ಡಿ ಲೈನು ಸ್ಲಿಂಗೆ, ಜೌಟ್‌ಪ್ಲೈನ್ ಮೇಲೆ ಹೋಗಿ ಸೆಂಟ್ರಲ್ ಸೇರುತ್ತೆ. ಸಿ ಲೈನು ಪೆರ್ನಿಸ್, ಸ್ಖೀಡಾಮ್ ಸುತ್ತಿ ಬರುತ್ತೆ. ನಿಮ್ಮ ಪುಣ್ಯ, ಎರಡೂ ಬ್ಯೊರ್ಸ್‌ಗೆ ಬಂದು ಸೇರುತ್ತವೆ. ಹಾಗಾಗಿ ನಿದ್ದೆಗಣ್ಣಲ್ಲಿ ಯಾವುದು ಹತ್ತಿದರೂ ಆಫೀಸು ತಲುಪುತ್ತೀರಿ. ಅರ್ಧ ಗಂಟೆಗೆ ಆಚೆ ಈಚೆ ಇಟ್ಟುಕೊಳ್ಳಿ.

ಕೊನೆಯ ಸ್ಟೇಷನ್ನಿನ ದೊಡ್ಡ ಸುಖ ಏನು ಗೊತ್ತಾ? ಸೀಟು. ನೀವು ಹತ್ತುವಾಗ ಖಾಲಿ ಗಾಡಿ. ಕಿಟಕಿ ಪಕ್ಕ ಕೂತುಬಿಡಿ. ನಾನು ಒಂದು ಸ್ಟೇಷನ್ ಮುಂದೆ ಹತ್ತಿದರೂ ಅಷ್ಟೊತ್ತಿಗೆ ಕಿಟಕಿ ಎಲ್ಲ ನಿಮ್ಮ ಕಡೆಯವರದ್ದೇ. ಮೇಲಿನ ಲೈನಾದ್ದರಿಂದ ಕಿಟಕಿಗೆ ಬೆಲೆ ಇದೆ. ಹಿತ್ತಿಲು, ಕಾಲುವೆ, ಬಾತುಕೋಳಿ, ಯಾರದೋ ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತೆ. ಆಕ್ಕರ್ಸ್ ಅಂದರೆ ಹೊಲಗಳು ಅಂತ ಅರ್ಥ. ಊರು ಒಂದು ಕಾಲಕ್ಕೆ ಬರೀ ಹಳ್ಳಿ, ಈಗ 70 ಸಾವಿರಕ್ಕೂ ಜಾಸ್ತಿ ಜನ. ಹೊಲದ ಹೆಸರು ಮಾತ್ರ ಸ್ಟೇಷನ್ ಬೋರ್ಡಿನಲ್ಲಿ ಉಳಿದಿದೆ. ನಮ್ಮ ಊರುಗಳ ಬಡಾವಣೆಗಳಿಗೆ ಕೆರೆ ಹೆಸರು ಉಳಿದ ಹಾಗೆ.

ದುಃಖ ಏನೆಂದರೆ ಚಳಿಗಾಲ. ಮೇಲಿನ ಪ್ಲಾಟ್‌ಫಾರ್ಮ್‌ನಲ್ಲಿ ಗಾಳಿ ಮೈಯೊಳಗೆ ನುಗ್ಗುತ್ತೆ. ಕೊಡೆ ತರಬೇಡಿ, ಉಲ್ಟಾ ಆಗುತ್ತೆ. ಟೋಪಿ ಇರುವ ಮಳೆ ಜಾಕೆಟ್ ತಗೊಳ್ಳಿ.

ಬಿಸಿಬೇಳೆ

ಇಳಿಯುವಾಗ ಕಾರ್ಡ್ ತೋರಿಸೋದು ಮರೀಬೇಡಿ ಅಂತಲೂ ಹೇಳಿ ಅಕ್ಕ. ಹತ್ತುವಾಗ 4 ಯೂರೊ ಹಿಡಿದುಕೊಂಡು, ಇಳಿಯುವಾಗ ಕಾರ್ಡ್ ಒತ್ತಿದರೆ ಉಳಿದದ್ದು ವಾಪಸ್ ಕೊಡುವ ಚಿಪ್ ಕಾರ್ಡ್ ಕಾಲದಲ್ಲಿ ನಾನು ಬಂದವನು. ಮೊದಲ ವಾರ. ಗೇಟಿನಲ್ಲಿ ಒಬ್ಬ ಅಜ್ಜಿ ಮುಂದೆ ಹೋದರು, ಗೇಟು ತೆರೆದೇ ಇತ್ತು, ನಾನೂ ಅವರ ಹಿಂದೆ ಬಂದುಬಿಟ್ಟೆ. ಬೆಂಗಳೂರು ಅಭ್ಯಾಸ, ಜಾಗ ಸಿಕ್ಕರೆ ನುಗ್ಗೋದು. ಮೂರು ದಿನ ಹೀಗೇ ಮಾಡಿದೆ. ಆಮೇಲೆ ಕಾರ್ಡಲ್ಲಿ ದುಡ್ಡು ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಂಡೆ. ಆ ದುಡ್ಡಿಗೆ ಒಂದು ಕಿಲೋ ತೊಗರಿಬೇಳೆ ಬರ್ತಿತ್ತು.

ಈಗ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಹಿಡಿದರೂ ಆಗುತ್ತೆ. ಆದರೆ ಹತ್ತುವಾಗ ಯಾವುದು ಹಿಡಿದಿರೋ ಇಳಿಯುವಾಗಲೂ ಅದೇ ಹಿಡಿಯಿರಿ. ಒಂದು ಕಡೆ ಕಾರ್ಡು, ಇನ್ನೊಂದು ಕಡೆ ಫೋನು ಅಂತ ಮಾಡಿದರೆ ಅದಕ್ಕೆ ಇಬ್ಬರು ಅನಿಸುತ್ತೆ.

ಹಳಿಹುಚ್ಚ

ಪೀಕ್ ಅವರ್ ಬಿಟ್ಟು ಉಳಿದ ಹೊತ್ತಲ್ಲಿ ಸೈಕಲ್ಲನ್ನೂ ಮೆಟ್ರೊದಲ್ಲಿ ಹಾಕಿಕೊಂಡು ಹೋಗಬಹುದು. ಮೂರನೇ ಹಳಿ ಮಾತು ಬಂತಲ್ಲ, ಹಳಿ ಮೇಲೆ ಫೋನ್ ಬಿದ್ದರೆ ಇಳಿಯಬೇಡಿ. ಸಿಬ್ಬಂದಿಗೆ ಹೇಳಿ. ಇದು ಎಲ್ಲ ಊರಿಗೂ.

ಕುಡ್ಲದ ಕಡಲು

ಅಮ್ಮ ಬಂದರೆ ತೋರಿಸಲಿಕ್ಕೆ ಸ್ಪೈಕೆನಿಸ್ಸೆಯಲ್ಲಿ ಬೇರೆಯೂ ಉಂಟು. ಯೂರೊ ನೋಟಿನ ಹಿಂದೆ ಸೇತುವೆಗಳ ಚಿತ್ರ ಇರುತ್ತದಲ್ಲ, ಅವು ಯಾವ ದೇಶದಲ್ಲೂ ಇಲ್ಲದ ಸೇತುವೆಗಳು. ಯಾವ ದೇಶಕ್ಕೂ ಹೊಟ್ಟೆಕಿಚ್ಚು ಬಾರದ ಹಾಗೆ ಊಹಿಸಿ ಬರೆದದ್ದು. ರಾಬಿನ್ ಸ್ಟಾಮ್ ಅನ್ನುವ ವಿನ್ಯಾಸಕಾರ ಅವನ್ನು ನಿಜಕ್ಕೂ ಕಟ್ಟಿಸಿದ್ದು ಇದೇ ಊರಲ್ಲಿ. ಏಳು ನೋಟು, ಏಳು ಸೇತುವೆ. ಚಿಕ್ಕದು, ನಡೆದು ದಾಟುವಂಥದ್ದು. ನೋಟು ಕೈಯಲ್ಲಿ ಹಿಡಿದು ಅದೇ ಬಣ್ಣದ ಸೇತುವೆ ಮೇಲೆ ನಿಂತು ಫೋಟೊ ತೆಗೆಯಬಹುದು. 500ರ ನೋಟು ನನ್ನ ಹತ್ತಿರ ಇರಲಿಲ್ಲ, ಅಲ್ಲಿ ಸುಮ್ಮನೆ ನಿಂತೆ.

ಸೆಂಟ್ರುಮ್ ಸ್ಟೇಷನ್ ಕಡೆ ಬುಕ್‌ಬೆಟ್ಟ ಅಂತ ಲೈಬ್ರರಿ ಉಂಟು, 2012ರದ್ದು. ಗಾಜಿನ ಗೋಪುರದೊಳಗೆ ಪುಸ್ತಕದ ಕಪಾಟುಗಳೇ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟದ ಹಾಗೆ.

ಗಂಗಮ್ಮನ ಮೊಮ್ಮಗ

ನೋಟಿನ ಸೇತುವೆ ಕಟ್ಟುವ ಊರು, ಬಾಲದ ಮೇಲೆ ರೈಲು ನಿಲ್ಲುವ ಊರು. ಏನೋ ಇದೆ ಆ ನೀರಲ್ಲಿ.

ಹೊಸ ಬಾಡಿಗೆದಾರ

ನಿನ್ನೆ ರಾತ್ರಿ ಟ್ರಾಮ್ ತಾಯಿ ಹೇಳಿದ ಹಾಗೇ ಮಾಡಿದೆ. ಅಲ್ಲಿರುವ ಗೆಳೆಯನನ್ನು ರಾತ್ರಿ ಹತ್ತಕ್ಕೆ ಕಳಿಸಿ ವಿಡಿಯೊ ಕಾಲ್ ಮಾಡಿಸಿದೆ. ಮೆಟ್ಟಿಲಿಳಿದು ಮನೆ ತನಕ ನಡೆದ. ದೀಪ ಇದೆ, ನಾಯಿ ಕರೆದುಕೊಂಡು ಹೋಗುವವರು ಸಿಕ್ಕರು, ಒಬ್ಬಳು ಹುಡುಗಿ ಹಾಡಿಕೊಂಡು ಸೈಕಲ್ಲಿನಲ್ಲಿ ಹೋದಳು. ಅಮ್ಮನೂ ನೋಡುತ್ತಿದ್ದರು. ಆ ಹುಡುಗಿಯನ್ನು ನೋಡಿದ ಮೇಲೆ "ಮನೆ ಸರಿ" ಅಂದರು. ಮೂರನೇ ಹಳಿ, ಮಣ್ಣು, ಬಫರ್ ಯಾವುದೂ ಬೇಕಾಗಲಿಲ್ಲ. ಮೇಸ್ತ್ರಿಗಳು ಬೇಜಾರು ಮಾಡಿಕೊಳ್ಳಬೇಡಿ.

ಒಂದೇ ಅನುಮಾನ ಉಳಿದಿದೆಯಂತೆ. ಫೋಟೊವನ್ನು ದೊಡ್ಡದು ಮಾಡಿ ನೋಡಿ ಕೇಳಿದರು: "ಬಾಲ ಎರಡಿದೆ. ತಲೆಗಳು ಎಲ್ಲಿ?"

ಸಿಮೆಂಟು ಮೇಸ್ತ್ರಿ

ನೀರೊಳಗೆ ಅಂತ ಹೇಳಿ.

ಹೊಸ ಬಾಡಿಗೆದಾರ

ಹೇಳಿದೆ. "ಅಷ್ಟು ದೊಡ್ಡ ಪ್ರಾಣಿ, ಆ ಕಾಲುವೆಯಲ್ಲಿ ಅದಕ್ಕೆ ಊಟ ಏನು ಸಿಗುತ್ತೆ?" ಅಂತ ಕೇಳ್ತಿದ್ದಾರೆ. ಶುಕ್ರವಾರ ಕರಾರಿಗೆ ಸಹಿ.